ಕೊಕ್ಕೆಯ ಕೆಳಗೆ

ಗೋಡೆಯ ಮೇಲಿನ ಸ್ವಿಚ್ ಬೋರ್ಡಿನ ಒಂದು ಸ್ಕ್ರೂ ಓರೆಯಾಗಿ ಕೂತಿದೆ, ಯಾವನೋ ಪುಣ್ಯಾತ್ಮ ಅರ್ಧ ತಿರುಗಿಸಿ ಇಷ್ಟು ಸಾಕು ಎಂದು ಎದ್ದು ಹೋಗಿದ್ದಾನೆ, ಕೊಟ್ಟ ಚಹಾ ಮಾತ್ರ ತಳ ಕಾಣುವವರೆಗೆ ಕುಡಿದಿರುತ್ತಾನೆ, ಇಂಥವರೇ ತುಂಬಿಕೊಂಡಿದ್ದಾರೆ ಲೋಕದಲ್ಲಿ — ನೋಡು, ಅದನ್ನೇ ನೋಡುತ್ತಿರು ಎಂದು ಅವನು ತನಗೆ ತಾನೇ ಹೇಳಿಕೊಂಡ, ನೋಡಿ ನೋಡಿ ಬಯ್ಯುತ್ತಿರು, ಬಯ್ಯುವಷ್ಟು ಹೊತ್ತು ಕಣ್ಣು ಮುಚ್ಚುವುದಿಲ್ಲ. ಹೊರಗೆ ಮಟಮಟ ಮಧ್ಯಾಹ್ನ, ಇಲ್ಲಿ ಮಾತ್ರ ಪರದೆ ಎಳೆದು, ಬೆನ್ನ ಹಿಂದೆ ಒಂದು ಮಿಣುಕು ದೀಪ ಇಟ್ಟು, ಮೆತ್ತನೆಯ ಕುರ್ಚಿಗೆ ಅವನನ್ನು ಒರಗಿಸಿ, ಈಗ ಎಚ್ಚರವಾಗಿರಿ ನೋಡೋಣ ಎಂದು ಬಾಗಿಲು ಹಾಕಿಕೊಂಡು ಹೋಗಿದ್ದಾರೆ, ಎಂಥಾ ಬುದ್ಧಿವಂತರು, ಹಸಿದವನ ಮುಂದೆ ತಟ್ಟೆ ತುಂಬ ಬಡಿಸಿ ಮುಟ್ಟಬೇಡ ಅಂದ ಹಾಗೆ. ಕೆನ್ನೆ ಚಿವುಟಿಕೊಳ್ಳುವ ಹಾಗಿಲ್ಲ, ಹಾಡಿಕೊಳ್ಳುವ ಹಾಗಿಲ್ಲ, ಎದ್ದು ಓಡಾಡುವ ಹಾಗಿಲ್ಲ, ಸುಮ್ನೆ ಕೂತಿರ್ಬೇಕು ಸರ್, ನಿದ್ದೆ ಮಾಡ್ಬಾರ್ದು, ಅಷ್ಟೇ, ಎಂದಿದ್ದಳು ಗೋಂದಿನ ಹುಡುಗಿ, ಬೆಳಿಗ್ಗೆಯಿಂದ ಅವನ ತಲೆಗೆ, ಗಲ್ಲಕ್ಕೆ, ಕಣ್ಣಿನ ಪಕ್ಕಕ್ಕೆ ಗೋಂದು ಮೆತ್ತಿ ತಂತಿ ಅಂಟಿಸಿದವಳು, ಅಂಟಿಸುವಾಗ ಉದ್ದಕ್ಕೂ ಆಕಳಿಸುತ್ತಿದ್ದವಳು, ಪರೀಕ್ಷೆ ಯಾರಿಗೆ ಇಡಬೇಕಿತ್ತೋ ಅವರಿಗೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ. ಅಷ್ಟೇ ಅಂತೆ. ಇವತ್ತು ಎಚ್ಚರವಿದ್ದರೆ ಕ್ರೇನಿನ ಕ್ಯಾಬಿನ್ನು ಮತ್ತೆ ಅವನದು, ತೂಕಡಿಸಿದರೆ ಈ ಜನ್ಮದಲ್ಲಿ ಆ ಏಣಿ ಹತ್ತುವ ಹಾಗಿಲ್ಲ, ಗೋದಾಮಿನಲ್ಲಿ ಕೂತು ಬಂದವರಿಗೆ ಹೆಲ್ಮೆಟ್ಟು ಹಂಚಬೇಕು, ಕಂಪನಿಯವರು ಬಾಯಿಬಿಟ್ಟು ಹೇಳಿದ್ದಾರೆ. ಹದ್ದು ಎಂದು ಕರೆಸಿಕೊಂಡವನು, ಇಡೀ ಸೈಟನ್ನು ಕಾಲ ಕೆಳಗೆ ಇಟ್ಟುಕೊಂಡು ಕೂತವನು, ಹೆಲ್ಮೆಟ್ಟು ಒರೆಸಿ ಕೊಡುವುದು. ಥೂ. ಅದಕ್ಕೇ ಅವನು ಇವರು ಯಾರಿಗೂ ಗೊತ್ತಿಲ್ಲದ ಒಂದು ಉಪಾಯ ಹೂಡಿಕೊಂಡು ಬಂದಿದ್ದಾನೆ — ಸಿಟ್ಟು ಬಂದವನಿಗೆ ನಿದ್ದೆ ಬರುವುದಿಲ್ಲ, ಚಿಕ್ಕವನಿದ್ದಾಗ ಅಪ್ಪನ ಕೈಯಲ್ಲಿ ಬೈಸಿಕೊಂಡು ಮಲಗಿದ ದಿನಗಳಿಂದ ಗೊತ್ತು, ಹಾಗಾಗಿ ಒಬ್ಬೊಬ್ಬರನ್ನಾಗಿ ಕರೆದು ಎದುರಿಗೆ ನಿಲ್ಲಿಸಿ ಉಗಿಯುತ್ತ ಹೋಗುವುದು, ಅಷ್ಟು ಜನಕ್ಕೇನು ಬರವಿಲ್ಲ.

ಡಾಕ್ಟರಿಂದಲೇ ಶುರುವಾಗಲಿ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೆದುಳು ಇಟ್ಟುಕೊಂಡು, ಅದನ್ನು ಚಿಪ್ಪು ಚಿಪ್ಪಾಗಿ ಬಿಡಿಸಿ, ಮತ್ತೆ ಜೋಡಿಸಲು ಬಾರದೆ ಒಂದು ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಮಾತಾಡಿದ ಮಹಾನುಭಾವ — ನೋಡಿ, ತಲೆಗೆ ಪೆಟ್ಟು ಬಿದ್ದಾಗ ಒಳಗೆ ಎಲ್ಲಾ ಅಲುಗಾಡುತ್ತೆ, ನಿದ್ದೆ ಎಚ್ಚರ ಎರಡನ್ನೂ ಬೇರೆ ಬೇರೆ ಇಡೋ ಜಾಗಕ್ಕೆ ನಿಮಗೆ ಏಟಾಗಿದೆ, ಬೇರೆಯವರಿಗೆ ಕನಸು ಬರೋದು ನಿದ್ದೆ ಆಳಕ್ಕೆ ಹೋದ್ಮೇಲೆ, ನಿಮಗೆ ಹೊಸ್ತಿಲಲ್ಲೇ ಕಾದು ನಿಂತಿರುತ್ತೆ, ಕಣ್ಣು ಮುಚ್ಚೋದೇ ತಡ ಒಳಗೆ ಬಂದ್ಬಿಡುತ್ತೆ, ಮುಚ್ಚಿದೀರಿ ಅಂತ ನಿಮಗೇ ಗೊತ್ತಾಗಲ್ಲ. ಹೌದಪ್ಪಾ, ಇದನ್ನು ಹೇಳುವುದಕ್ಕೆ ನೀನು ಅಷ್ಟು ಓದಬೇಕಿತ್ತೆ, ನನ್ನ ಹೆಂಡತಿ ಇದನ್ನೇ ಪಾತ್ರೆ ತೊಳೆಯುತ್ತ ಹೇಳಿದಳು. ಕನಸಾದರೂ ಎಂಥವು. ಬಿದ್ದವರಿಗೆ ಹಾರುವ ಕನಸು ಬೀಳಬೇಕು, ಹುಲಿ ಅಟ್ಟಿಸಿಕೊಂಡು ಬರಬೇಕು, ಆಗ ಇದು ಕನಸು ಎಂದು ಯಾವ ಪೆದ್ದನಿಗಾದರೂ ತಿಳಿಯುತ್ತದೆ, ಇವನಿಗೆ ಬೀಳುವುದು ಈರುಳ್ಳಿ ತಂದಿಟ್ಟ ಕನಸು, ನಲ್ಲಿ ರಿಪೇರಿಯವನು ಬಂದು ಹೋದ ಕನಸು, ಬಟ್ಟೆ ಒಳಗೆ ಹಾಕಿದ ಕನಸು, ಭಿಕಾರಿ ಕನಸುಗಳು, ಕನಸೆಂದು ಹೇಳಿಕೊಳ್ಳಲಿಕ್ಕೂ ಮಾನವಿಲ್ಲ. ರೀ, ಈರುಳ್ಳಿ ಎಲ್ರೀ ಅಂತಾಳೆ ಅವಳು, ಬುಟ್ಟಿಯಲ್ಲಿ ಇಟ್ಟೆನಲ್ಲ ಅಂತಾನೆ ಇವನು, ಇಬ್ಬರೂ ಖಾಲಿ ಬುಟ್ಟಿಯ ಮುಂದೆ ನಿಂತಿರುತ್ತಾರೆ. ಅದಾದರೂ ಮನೆಯೊಳಗಿನ ಮಾತು, ಮಹಡಿ ಮನೆಯ ಪಿಂಚಣಿದಾರನ ಕಥೆ ಬೀದಿಗೆಲ್ಲ ಗೊತ್ತಾಯಿತು — ಆ ಮನುಷ್ಯನ ತಮ್ಮ ತೀರಿಹೋದ ಸುದ್ದಿಯನ್ನು ಮೆಟ್ಟಿಲ ಮೇಲೆ ಯಾರೋ ಹೇಳಿದರು, ಕಿವಿಯಾರೆ ಕೇಳಿದ್ದು, ಇವನು ಒಗೆದ ಅಂಗಿ ಹಾಕಿಕೊಂಡು ಮುಖ ಸಣ್ಣದು ಮಾಡಿಕೊಂಡು ಮೇಲೆ ಹೋಗಿ ಗಂಟೆ ಒತ್ತಿದರೆ ಬಾಗಿಲು ತೆಗೆದವನು ಆ ತಮ್ಮನೇ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಬೇರೆ, ಏನು ಬೇಕಿತ್ತು ಅಂದ, ಏನಿಲ್ಲ, ನೀವು ಹೋಗಿದ್ದಕ್ಕೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ ಎಂದು ಬಾಯಿಗೆ ಬಂದೇಬಿಟ್ಟಿತು. ಅಂದಿನಿಂದ ಆ ಅಣ್ಣತಮ್ಮ ಇಬ್ಬರೂ ಇವನನ್ನು ಕಂಡರೆ ಮೆಟ್ಟಿಲ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾರೆ, ಹೆದರುಪುಕ್ಕಲರು, ಸತ್ತಿದ್ದರೂ ಅಂಥ ನಷ್ಟವೇನೂ ಆಗುತ್ತಿರಲಿಲ್ಲ. ಸ್ಕ್ರೂ ಇನ್ನೂ ಓರೆಯಾಗೇ ಇದೆ, ಒಳ್ಳೆಯದು, ಕಣ್ಣು ತೆರೆದಿದೆ.

ಆದರೂ ಕನಸನ್ನು ಹಿಡಿಯುವ ದಾರಿಯೊಂದು ಅವನಿಗೆ ಸಿಕ್ಕಿದೆ, ಡಾಕ್ಟರಿಗೆ ಹೇಳಿಲ್ಲ, ಅಷ್ಟು ಯೋಗ್ಯತೆ ಆ ಮನುಷ್ಯನಿಗಿಲ್ಲ. ಅವನ ಕನಸಿನಲ್ಲಿ ಎಲ್ಲೋ ಒಂದು ಕಡೆ ಕ್ರೇನಿನ ಕೊಕ್ಕೆ ಇದ್ದೇ ಇರುತ್ತದೆ. ತರಕಾರಿ ಅಂಗಡಿಯ ಮಾಡಿನ ಆಚೆ, ಮಹಡಿ ಮನೆಯ ಮೆಟ್ಟಿಲ ಕಿಟಕಿಯಲ್ಲಿ, ಆಮೇಲೆ ನೆನೆದು ನೋಡಿದರೆ ಅಲ್ಲೆಲ್ಲೋ ಮೂಲೆಯಲ್ಲಿ ಹಗ್ಗದ ತುದಿಗೆ ಇಳಿಬಿದ್ದಿರುತ್ತದೆ, ಮತ್ತು ಅಲುಗಾಡುವುದಿಲ್ಲ. ಅದೇ ಗುಟ್ಟು. ನಿಜವಾದ ಕೊಕ್ಕೆ ಅಲುಗಾಡದೆ ಇರುವುದಿಲ್ಲ, ಎಲೆ ಮಿಸುಕದ ದಿನವೂ ಅದು ಒಂದಿಷ್ಟು ತಿರುಗುತ್ತದೆ, ಉಕ್ಕಿನ ಹಗ್ಗ ಬಿಸಿಲಿಗೆ ಕಾದು ತನ್ನ ಪಾಡಿಗೆ ತಾನು ಹೊಸೆದುಕೊಳ್ಳುತ್ತದೆ, ಕಂಬ ನರಳುತ್ತದೆ, ಕ್ಯಾಬಿನ್ನಿನಲ್ಲಿ ಕೂತವನು ಕೆಮ್ಮಿದರೂ ಅದು ಕೆಳಗೆ ಹೋಗಿ ಕೊಕ್ಕೆಗೆ ಗೊತ್ತಾಗುತ್ತದೆ. ಕೆಳಗಿರುವವರಿಗೆ ಏನು ಗೊತ್ತು, ಇಂಜಿನಿಯರುಗಳಂತೆ, ಬಿಳಿ ಹೆಲ್ಮೆಟ್ಟಿನ ಮಂಕುದಿಣ್ಣೆಗಳು, ಮೇಲಿಂದ ನೋಡಿದರೆ ಅವರ ಬುದ್ಧಿಯಷ್ಟೇ ಗಾತ್ರಕ್ಕೆ ಕಾಣುವವರು, ಕಬ್ಬಿಣದ ಸರಳಿನ ಕಟ್ಟು ಎಲ್ಲಿಳಿಸಬೇಕೆಂದು ತಮ್ಮತಮ್ಮಲ್ಲೇ ಕಿತ್ತಾಡುತ್ತಿದ್ದರೆ ಇವನು ಮೇಲೆ ಬುತ್ತಿ ಬಿಚ್ಚಿ ಊಟ ಮುಗಿಸುತ್ತಿದ್ದ, ಒಂದಕ್ಕೆ ಬಂದರೆ ಬಾಟಲಿ, ಇಳಿಯುವ ಮಾತೇ ಇಲ್ಲ, ಆ ಜನದ ನಡುವೆ ಇಳಿದು ಮಾಡುವುದೇನಿತ್ತು. ಸಿಳ್ಳೆ ಒಬ್ಬನನ್ನು ಬಿಟ್ಟರೆ. ಸಿಳ್ಳೆ ಕೆಳಗೆ ನಿಂತು ಸನ್ನೆ ಮಾಡುವವನು, ವಾಕಿಟಾಕಿ ಕೈಕೊಟ್ಟರೆ ಬೆರಳೆರಡು ಬಾಯಿಗಿಟ್ಟು ಸಿಳ್ಳೆ ಹಾಕುವವನು, ಇವನಿಗಿಂತ ಹಿರಿಯ, ಮುಂದಿನ ಹಲ್ಲು ಬಿದ್ದಮೇಲೆ ಸಿಳ್ಳೆ ಇನ್ನೂ ಜೋರಾಗಿದೆ ಎಂದು ಜಂಬ ಕೊಚ್ಚಿಕೊಳ್ಳುವವನು. ಲೋ ಹದ್ದೇ, ಒಂಚೂರು ಎಡಕ್ಕೆ, ಇನ್ನೊಂಚೂರು, ಬಿಡು, ಬಿಡು, ಸಾಕು — ಎಷ್ಟು ವರ್ಷ ಆ ದನಿ ಕಿವಿಯೊಳಗೇ ಇತ್ತು, ಹೆಂಡತಿಯ ದನಿಗಿಂತ ಹತ್ತಿರ, ಮತ್ತು ಬೇರೆಯವರೆಲ್ಲ ಕೊಕ್ಕೆ ಬರುತ್ತಿದ್ದ ಹಾಗೆ ಚದುರಿ ಓಡಿದರೆ ಸಿಳ್ಳೆ ಮಾತ್ರ ಬೀಡಿ ಕಚ್ಚಿಕೊಂಡು ಅದರ ಕೆಳಗೇ ಬಂದು ನಿಲ್ಲುತ್ತಿದ್ದ, ಹಾಗೆ ನಿಲ್ಲಬಾರದು, ನಿಯಮ ಇದೆ, ನಿಂತವನನ್ನು ಬಯ್ಯಲು ಒಬ್ಬ ಅಧಿಕಾರಿಯೂ ಇದ್ದಾನೆ, ನಮ್ ಹದ್ದು ಮೇಲಿದಾನೆ ಬಿಡ್ರಿ ಎನ್ನುತ್ತಿದ್ದ ಸಿಳ್ಳೆ. ಬೇಡ, ಸಿಳ್ಳೆಯ ಕಡೆಗೆ ಹೋಗಬೇಡ, ಅಲ್ಲಿ ಬಯ್ಯಲು ಏನೂ ಸಿಗುವುದಿಲ್ಲ, ಮೈ ಸಡಿಲವಾಗುತ್ತದೆ, ವಾಪಸು ಬಾ.

ಭಾವಮೈದುನ ಇದ್ದಾನಲ್ಲ, ಅವನಿರುವಾಗ ಸಿಟ್ಟಿಗೇನು ಕೊರತೆ. ಹೆಂಡತಿಯ ತಮ್ಮ, ಹುಟ್ಟುವಾಗಲೇ ಸೂಲಗಿತ್ತಿಗೆ ಸಲಹೆ ಕೊಟ್ಟಿರಬೇಕು, ಕೇಳಲಿ ಬಿಡಲಿ ಕೊಡುತ್ತಲೇ ಇರುತ್ತಾನೆ, ಅಕ್ರೋಟು ತಿನ್ನಿ ಭಾವ, ಅದು ಮೆದುಳಿನ ಆಕಾರದಲ್ಲೇ ಇರುತ್ತೆ, ಡಬ್ಬಿ ತುಂಬ ತಂದಿಟ್ಟು ಹೋದ, ಆಕಾರ ನೋಡಿ ತಿನ್ನುವುದಾದರೆ ನೀನು ಮೊದಲು ಒಂದು ಕುಂಬಳಕಾಯಿ ತಿನ್ನು. ಈಗಲೂ ಹೊರಗಿನ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತಿದ್ದಾನೆ, ಕರೆದುಕೊಂಡು ಬಂದಿದ್ದು ಅವನೇ, ಉಪಕಾರ ಮಾಡುವ ಚಟ, ದಾರಿಯುದ್ದಕ್ಕೂ, ಭಾವ, ನಿದ್ದೆ ಬಂದ್ರೆ ನಾಲಿಗೆನ ಅಂಗುಳಕ್ಕೆ ಒತ್ಕೊಳಿ. ನನ್ನನ್ನು ಕೆಡವಿದವನೇ ನೀನು, ನಿನ್ನ ನಾಲಿಗೆ ಇಟ್ಟುಕೊ. ಹೌದು, ಕೆಡವಿದವನೇ ಅವನು. ಮುಗಿಲೆತ್ತರದಲ್ಲಿ ಕೂತು ಬಿರುಗಾಳಿ ಕಂಡವನು ಕೊನೆಗೆ ಬಿದ್ದದ್ದೆಲ್ಲಿಂದ, ಅಡುಗೆಮನೆಯ ಸ್ಟೂಲಿನಿಂದ, ಪರದೆಯ ಸರಳು ಸಿಕ್ಕಿಸಲು ಹೋಗಿ, ಸ್ಟೂಲಿನ ಒಂದು ಕಾಲು ಮೋಟು, ಅದಕ್ಕೇ ಭಾವಮೈದುನ ಹಿಡಿದುಕೊಂಡಿದ್ದ, ಅವನ ಜೇಬಿನಲ್ಲಿ ಫೋನು ಕುಯ್ಯೋ ಎಂದಿತು, ಒಂದ್ನಿಮಿಷ ಭಾವ ಎಂದು ಕೈ ಬಿಟ್ಟ, ಆ ಕೈ ಸ್ಟೂಲಿನಿಂದ ಬಿಟ್ಟುಹೋಗುವುದು, ಉಂಗುರದ ಬೆರಳು ಕೊನೆಗೆ ಬಿಟ್ಟದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಅವತ್ತು ಊರಲ್ಲೇ ಇರ್ಲಿಲ್ಲ ಕಣ್ರೀ, ಎನ್ನುತ್ತಾಳೆ ಹೆಂಡತಿ, ನಾನು ಬಂದು ಹಿಡ್ಕೋತೀನಿ ಇರಿ ಅಂದೆ, ನೀವು ಕೇಳ್ಳಿಲ್ಲ, ಸ್ಟೂಲಿಗೂ ಒಬ್ರು ಬೇಕೇನೇ ನಂಗೆ ಅಂತ ನಕ್ಕು ಹತ್ತಿದ್ರಿ. ತಮ್ಮನನ್ನು ಬಿಟ್ಟುಕೊಡುತ್ತಾಳೆಯೇ, ಒಂದೇ ರಕ್ತ. ಅವಳು ಹೇಳುವುದು ಹೇಳಲಿ, ಇವನು ಆ ದಿನಕ್ಕೆ ಹೋದಾಗಲೆಲ್ಲ ಸ್ಟೂಲು ನೋಡುತ್ತಾನೆ, ಕೈ ನೋಡುತ್ತಾನೆ, ಉಂಗುರ ನೋಡುತ್ತಾನೆ, ಎದುರಿಗೇ ಇರುವ ಅಡುಗೆಮನೆಯ ಕಿಟಕಿಯಾಚೆ ಮಾತ್ರ ನೋಡುವುದಿಲ್ಲ. ಯಾಕೆ ನೋಡುವುದಿಲ್ಲ, ಹೆದರಿಕೆಯೇ, ಹದ್ದಿಗೆ ಹೆದರಿಕೆಯೇ, ನೋಡಿಯೇಬಿಡೋಣ ಎಂದು ಈಗ, ಈ ಮಂಕು ಬೆಳಕಿನಲ್ಲಿ, ನೆನಪಿನಲ್ಲೇ ಆ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಅಲ್ಲಿತ್ತು. ಅವರ ಮನೆಯ ಕಿಟಕಿಯಿಂದ ಯಾವ ಕ್ರೇನೂ ಕಾಣುವುದಿಲ್ಲ, ಎದುರುಮನೆಯ ಪೈಪು ಕಾಣುತ್ತದೆ, ಆದರೂ ಅಲ್ಲಿತ್ತು, ಪೈಪಿನ ಪಕ್ಕ, ಗಾಳಿಗೆ ಪರದೆ ಹಾರುತ್ತಿದ್ದರೂ ಅಲುಗಾಡದ ಕೊಕ್ಕೆ. ಹಾಗಾದರೆ ಕೈ ಇರಲಿಲ್ಲ. ಉಂಗುರವೂ ಇರಲಿಲ್ಲ, ಆ ಪೆದ್ದ ಎಲ್ಲೋ ಯಾರಿಗೋ ಸಲಹೆ ಕೊಡುತ್ತ ಕೂತಿದ್ದ, ಸ್ಟೂಲು ಖಾಲಿ, ಹತ್ತಿದವನು ತಾನೊಬ್ಬನೇ, ನಕ್ಕವನೂ ತಾನೇ. ಇಷ್ಟು ದಿನ ಸುಮ್ಮನೆ ಒಬ್ಬನ ಮುಖ ನೋಡಿ ಹಲ್ಲು ಕಡಿದದ್ದಾಯಿತು, ತಂದಿಟ್ಟ ಅಕ್ರೋಟು ಡಬ್ಬಿ ಹಾಗೇ ಹುಳ ಹಿಡಿಯಿತು.

ಸ್ಕ್ರೂ. ಸ್ಕ್ರೂ ನೋಡು. ಓರೆ. ಇನ್ನು ಯಾರನ್ನು ಬಯ್ಯುವುದು, ತನ್ನನ್ನೇ ಬೈದುಕೊಳ್ಳಬಹುದು, ಆದರೆ ಅದರಲ್ಲಿ ಖಾರವಿಲ್ಲ, ತನ್ನನ್ನು ಬೈದುಕೊಂಡರೆ ಅಳು ಬರುತ್ತದೆ, ಅತ್ತವನಿಗೆ ನಿದ್ದೆ ಬರುತ್ತದೆ. ಗೋಡೆಯ ಮೂಲೆಯ ಕ್ಯಾಮೆರಾ ಕೆಂಪು ಕಣ್ಣು ಬಿಟ್ಟುಕೊಂಡು ನೋಡುತ್ತಿದೆ, ಆಚೆ ಕಡೆ ಹುಡುಗಿ ಆಕಳಿಸುತ್ತಿರುತ್ತಾಳೆ, ಆಕಳಿಸು ತಾಯಿ, ನಿನ್ನನ್ನು ಯಾರೂ ಕೇಳುವವರಿಲ್ಲ. ಬೇಕಾದರೆ ಸಿಳ್ಳೆಯನ್ನು ಬಯ್ಯಲಿ, ಅವನಾದರೂ ಏನು ಸಾಚಾನೇ, ಕೈಕೊಟ್ಟವನೇ ತಾನೆ — ಆಸ್ಪತ್ರೆಯಿಂದ ಬಂದಮೇಲೆ ಇವನು ಯಾರಿಗೂ ಹೇಳದೆ ಸೈಟಿಗೆ ಹೋಗಿದ್ದ, ಮೇಲೆ ಯಾವನೋ ಹೊಸಬ ಕೂತು ಕಾಂಕ್ರೀಟಿನ ಬಕೆಟ್ಟನ್ನು ಗಿರಕಿ ಹೊಡೆಸುತ್ತಿದ್ದ, ದರಿದ್ರ ಕೆಲಸ, ಸಿಳ್ಳೆಯ ಹತ್ತಿರ ಹೋಗಿ, ನೋಡು ಗಟ್ಟಿಮುಟ್ಟಾಗಿದೀನಿ, ಮುಂದಿನ ವಾರ ಹತ್ತೇಬಿಡ್ತೀನಿ, ನೀನೊಂದು ಮಾತು ಹೇಳಿದ್ರೆ ಕಂಪನಿಯೋರು ಕೇಳ್ತಾರೆ ಅಂದ, ಸಿಳ್ಳೆ ಬೀಡಿ ಎಸೆದು, ಚಪ್ಪಲಿಯಲ್ಲಿ ಹೊಸಕಿ, ಹೊಸಕಿದ್ದನ್ನೇ ಮತ್ತೆ ಹೊಸಕಿ, ಲೋ ಹದ್ದೇ, ಇಲ್ಲಿಗೆ ಬಂದಾಗ್ಲಿಂದ ಎಷ್ಟು ಸಲ ಕಣ್ಣು ಮುಚ್ದೆ ಗೊತ್ತಾ ನಿಂಗೆ, ಅಂದ. ಮುಚ್ಚಿಲ್ಲ ಅಂದ ಇವನು. ಮುಚ್ದೆ, ಸಿಮೆಂಟ್ ಚೀಲಕ್ಕೆ ಒರಗಿಕೊಂಡು ಮಾತಾಡ್ತಾ ಮಾತಾಡ್ತಾನೇ ಮುಚ್ದೆ, ನಾನು ಹೇಳಲ್ಲ ಕಣೋ, ನನ್ನ ಕೈಯಲ್ಲಿ ಆಗಲ್ಲ, ನಿನ್ನ ಕೊಕ್ಕೆ ಕೆಳಗೆ ನಾನಿನ್ನು ನಿಲ್ಲಲ್ಲ. ಎಷ್ಟು ಮೆತ್ತಗೆ ಅಂದ, ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಅವನು ಅದನ್ನೂ ಕನಸುಗಳ ಲೆಕ್ಕಕ್ಕೇ ಸೇರಿಸಿ ಕೈತೊಳೆದುಕೊಂಡಿದ್ದ, ಸಿಳ್ಳೆ ಹಾಗೆ ಅನ್ನುವವನೇ, ಭಿಕಾರಿ ಕನಸು, ಈರುಳ್ಳಿಯ ಜೊತೆಗೆ ಬುಟ್ಟಿಗೆ ಹಾಕು. ಆದರೆ ಸಿಳ್ಳೆಯ ತಲೆಯ ಹಿಂದೆ, ದೂರದಲ್ಲಿ, ಹೊಸಬನ ಖಾಲಿ ಕೊಕ್ಕೆ ತೂಗಾಡುತ್ತಿತ್ತು. ತೂಗಾಡುತ್ತಿತ್ತು, ಆ ಕಡೆ ಈ ಕಡೆ, ಹಾಗಾದರೆ ಆ ದಿನ ಎಲ್ಲ ನಿಜ. ಸಿಳ್ಳೆಯ ಕಣ್ಣಲ್ಲಿ ನೀರಿದ್ದದ್ದೂ ನಿಜ. ಬೈದುಕೋ ಅಂದರೆ ಹೇಗೆ ಬಯ್ಯುವುದು, ಬಾಯಿ ಬರುತ್ತಿಲ್ಲ, ಅವನೂ ಮಕ್ಕಳೊಂದಿಗ, ಸಾಯುವ ಆಸೆ ಯಾರಿಗಿದೆ. ಇವಳೂ ಅಷ್ಟೇ, ಹೆಂಡತಿ, ಸ್ನಾನದ ಮನೆಯ ಬಾಗಿಲ ಹೊರಗೆ ನಿಂತು ಸುಮ್ಮಸುಮ್ಮನೆ ಏನಾದರೂ ಕೇಳುತ್ತಿರುತ್ತಾಳೆ, ಸೋಪಿದೆಯೇನ್ರೀ, ನೀರು ಬಿಸಿಯಿದೆಯೇನ್ರೀ, ಒಳಗೆ ನಿದ್ದೆಹೋಗಿ ಬಿದ್ದನೇ ಎಂದು ನೋಡಲಿಕ್ಕೆ, ಇದೆ ಇದೆ ಎಂದು ಸಿಡುಕುತ್ತಾನೆ ಇವನು, ಅವಳ ಮುಖ ಒಣಗಿ ಕಡ್ಡಿಯಾಗಿದೆ, ಇಬ್ಬರ ಎಚ್ಚರವನ್ನು ಒಬ್ಬಳೇ ಕಾಯಬೇಕು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಾಳೆ ಹೊರಗಿನ ಬೆಂಚಿನ ಮೇಲೆ, ಪಾಪ, ಪಾಪ ಅವಳು, ತಮ್ಮನೂ ಪಾಪ, ಸ್ಕ್ರೂ ತಿರುಗಿಸಿದವನಿಗೂ ಅವತ್ತು ಮನೆಯಲ್ಲಿ ಏನು ತೊಂದರೆಯಿತ್ತೋ ಏನೋ, ಅರ್ಧಕ್ಕೇ ಎದ್ದು ಹೋಗಬೇಕಾಯಿತೋ ಏನೋ.

ಬಾಗಿಲು ತೆರೆಯಿತು. ಗೋಂದಿನ ಹುಡುಗಿ ದೀಪ ಹಾಕಿ, ಆಯ್ತು ಸರ್, ಒಂದ್ಸಲಾನೂ ಕಣ್ಣು ಮುಚ್ಚಲಿಲ್ಲ ನೀವು, ಎಂದು ನಕ್ಕಳು, ಆಕಳಿಕೆಯೆಲ್ಲ ಎಲ್ಲಿ ಹೋಯಿತೋ, ಎಷ್ಟು ಚೆನ್ನಾಗಿ ನಗುತ್ತಾಳೆ ಈ ಮಗು, ತಂತಿಗಳನ್ನು ಒಂದೊಂದಾಗಿ ಬಿಡಿಸಿದಳು, ಒಂದು ಕೂದಲೂ ಕೀಳಲಿಲ್ಲ, ನೋವೇ ಆಗಲಿಲ್ಲ. ಡಾಕ್ಟರು ಎದ್ದು ಬಂದು ಕೈ ಕುಲುಕಿದರು, ಪ್ಲಾಸ್ಟಿಕ್ ಮೆದುಳನ್ನು ಸರಿಯಾಗಿ ಜೋಡಿಸಿದ್ದರು, ನಿಮ್ಮಂಥೋರು ಅಪರೂಪ, ಎಂದರು, ಇರಲಿ ಬಿಡಿ ಸಾರ್ ಎಂದ ಅವನು, ನಿಮ್ಮಿಂದಲೇ ಎಲ್ಲ ಎಂದ, ಅಂಥ ಮಾತು ತನ್ನ ಬಾಯಲ್ಲಿ ಬಂತಲ್ಲ ಎಂದು ನಗು ಬಂತು. ಬೆಂಚಿನಿಂದ ಎದ್ದ ಹೆಂಡತಿಯ ಮುಖ ಮದುವೆಯ ಹೊಸತರಲ್ಲಿ ಇದ್ದ ಹಾಗಿತ್ತು, ಭಾವಮೈದುನ ಸಲಹೆ ಕೊಡದೆ ಸುಮ್ಮನೆ ನಿಂತಿದ್ದ, ಅವನ ಹೆಗಲ ಮೇಲೆ ಕೈ ಹಾಕಿ, ನಿನ್ನ ಅಕ್ರೋಟು ತಿಂದೇ ಸರಿಹೋಯ್ತು ಕಣಯ್ಯ ಎಂದ, ಹುಡುಗ ಖುಷಿಯಾಗಿ ಕಾರಿನ ಬಾಗಿಲು ತೆಗೆದ. ಮನೆಗೆ ಬೇಡ, ಸೈಟಿಗೆ ನಡಿ. ಸೈಟಿನ ಗೇಟಿನಲ್ಲಿ ಬಿಳಿ ಹೆಲ್ಮೆಟ್ಟಿನವರು ದಾರಿ ಬಿಟ್ಟರು, ಒಳ್ಳೆಯ ಜನ, ಬಿಸಿಲಲ್ಲಿ ಒಣಗುತ್ತಾರೆ ಪಾಪ, ಗಾಳಿ ಜೋರಾಗಿತ್ತು, ಸಿಮೆಂಟಿನ ಧೂಳು ಎದ್ದು ಸುತ್ತುತ್ತಿತ್ತು, ಕಟ್ಟಡಕ್ಕೆ ಹೊದಿಸಿದ ಹಸಿರು ಬಲೆ ಪಟಪಟ ಬಡಿಯುತ್ತಿತ್ತು, ಹೆಂಡತಿಯ ಸೆರಗು ಹಾರಿ ಅವನ ಮುಖಕ್ಕೆ ಬಂತು, ಸೆರಗು ಸರಿಸಿ ನೋಡಿದರೆ ಅಲ್ಲಿ ಸಿಳ್ಳೆ, ಬೀಡಿ ಕಚ್ಚಿಕೊಂಡು, ಹಲ್ಲಿಲ್ಲದ ಬಾಯಲ್ಲಿ ನಗುತ್ತ, ಕೈ ಮೇಲೆತ್ತಿ. ಬಾರೋ ಹದ್ದೇ, ಹತ್ತು, ನಾನಿಲ್ಲೇ ನಿಂತಿರ್ತೀನಿ. ಬಂದೆ ಎಂದ ಅವನು, ಏಣಿಯ ಮೊದಲ ಮೆಟ್ಟಿಲಿಗೆ ಕೈ ಹಾಕಿ, ಹತ್ತುವ ಮುಂಚೆ ಎಂದಿನ ರೂಢಿಯಂತೆ ಒಮ್ಮೆ ಮೇಲೆ ನೋಡಿದ. ಬಲೆ ಬಡಿಯುತ್ತಿದೆ, ಧೂಳು ಸುತ್ತುತ್ತಿದೆ, ಸಿಳ್ಳೆಯ ಅಂಗಿ ಹಿಂದಕ್ಕೆ ಹಾರಿ ಬೆನ್ನು ಕಾಣುತ್ತಿದೆ, ಗಾಳಿ, ಇಷ್ಟೊಂದು ಗಾಳಿ, ಮತ್ತು ಸಿಳ್ಳೆಯ ನೆತ್ತಿಯ ಮೇಲೆ — ಇಲ್ಲ, ಇನ್ನೊಂದು ಸಲ ನೋಡು, ಕಣ್ಣಿಗೆ ಧೂಳು ಬಿದ್ದಿರಬೇಕು — ಬೈದುಕೋ, ಬೇಗ, ಯಾರನ್ನಾದರೂ ಬೈದುಕೋ, ಹುಡುಗಿಯನ್ನು, ಡಾಕ್ಟರನ್ನು, ಆ ಸ್ಕ್ರೂ, ಸ್ಕ್ರೂ ಎಲ್ಲಿದೆ, ಓರೆಯಾಗಿದ್ದ ಸ್ಕ್ರೂ — ಯಾರ ಮೇಲೂ ಸಿಟ್ಟು ಬರುತ್ತಿಲ್ಲ, ಎಲ್ಲರೂ ಒಳ್ಳೆಯವರು, ಸಿಳ್ಳೆ, ಆಚೆ ಸರಿಯೋ, ಸರಿಯೋ ಅಲ್ಲಿಂದ, ಎಂದು ಕೂಗಲು ನೋಡುತ್ತಾನೆ, ಸಿಳ್ಳೆ ನಗುತ್ತ ನಿಂತಿದ್ದಾನೆ, ಎತ್ತಿದ ಕೈ ಎತ್ತಿದ ಹಾಗೇ ಇದೆ, ಅದರ ಮೇಲೆ ಕೊಕ್ಕೆ, ಅಷ್ಟು ಗಾಳಿಯಲ್ಲಿ ಕೊಕ್ಕೆ, ಅಲುಗಾಡದೆ